ಜಪಾನಿ ಭಾಷೆ ಬರಲು ಎಷ್ಟು ದಿನ ಬೇಕು?

ಮೊನ್ನೆ ಭಾನುವಾರ ಸಂಜೆ ನಮ್ಮೂರ ಕಡೆಯ ಹುಡುಗನೊಬ್ಬ ಮನೆಗೆ ಬಂದಿದ್ದ. ವಿಜಯಪುರ ಜಿಲ್ಲೆಯವನು. ಡಿಪ್ಲೊಮಾ ಮುಗಿಸಿ ಇಲ್ಲೇ ಚಾಕಣದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಚಹಾ ಕುಡಿಯುತ್ತಾ ಮೆಲ್ಲಗೆ ವಿಷಯಕ್ಕೆ ಬಂದ.

"ಕಾಕಾ, ನೌಕರಿ ಬಿಡಬೇಕಂತ ಮಾಡೀನ್ರಿ. ಒಂದು ವರ್ಷ ರೂಮಿನ್ಯಾಗ ಕುಂತು ಜಪಾನಿ ಕಲೀತೀನಿ. ಆಮ್ಯಾಲೆ ಜಪಾನಕ್ಕ ಹೋಗೂದು. ಒಂದು ವರ್ಷ ಸಾಕಾಗತೈತಲ್ರೀ?"

ನನ್ನನ್ನೇ ಕೇಳಲು ಕಾರಣವಿದೆ. ಏಳು ವರ್ಷದಿಂದ ನಾನು ಒಬ್ಬನೇ ಕೂತು ಜಪಾನಿ ಕಲಿಯುತ್ತಿದ್ದೇನೆ. ಬ್ಯಾಂಕಿನಲ್ಲಿ "ಸಾಹೇಬರಿಗೆ ವಯಸ್ಸಾದ ಮೇಲೆ ಹುಚ್ಚು" ಅಂತ ನಗುತ್ತಾರೆ. ನಗಲಿ ಬಿಡಿ. ಆದರೆ ಈ ಹುಡುಗ ತಿಂಗಳಿಗೆ ಎಂಟು ಸಾವಿರ ಊರಿಗೆ ಕಳಿಸುವವನು. ಅವನಿಗೆ ಬಾಯಿಗೆ ಬಂದಂತೆ ಉತ್ತರ ಹೇಳುವ ಹಾಗಿರಲಿಲ್ಲ. ಕಾಗದ ಪೆನ್ನು ತೆಗೆದುಕೊಂಡೆ.

ಮೊದಲು ಲೆಕ್ಕ. ಅಮೆರಿಕದ ವಿದೇಶಾಂಗ ಇಲಾಖೆಯವರು ತಮ್ಮ ಅಧಿಕಾರಿಗಳಿಗೆ ಭಾಷೆ ಕಲಿಸುತ್ತಾರೆ. ಅವರ ಪ್ರಕಾರ ಇಂಗ್ಲಿಷ್ ಬಲ್ಲವನಿಗೆ ಜಪಾನಿ ಭಾಷೆಯಲ್ಲಿ ಕೆಲಸ ಮಾಡುವಷ್ಟು ಹಿಡಿತ ಬರಲು 88 ವಾರ, ಸುಮಾರು 2,200 ಗಂಟೆಗಳ ಪಾಠ ಬೇಕು. ಅದೂ ಶಿಕ್ಷಕರ ಎದುರು ಕೂತು, ಮನೆಪಾಠ ಬೇರೆ. ದಿನಕ್ಕೆ ಒಂದು ಗಂಟೆಯಂತೆ, ಒಂದು ದಿನವೂ ತಪ್ಪದೆ ಓದಿದರೆ ಆರು ವರ್ಷ! ನನ್ನ ಡೈರಿಯಲ್ಲಿ ಏಳು ವರ್ಷಕ್ಕೆ ಆಗಿರುವುದು 1,100 ಗಂಟೆ (ಬರೆದಿಡುವುದು ಬ್ಯಾಂಕಿನವನ ಚಟ). ಮಾರ್ಚ್ ಬಂತೆಂದರೆ ನನ್ನ ಜಪಾನಿ ಕಲಿಕೆ ಬಂದ್. ಆರ್.ಡಿ. ಕಂತು ತಪ್ಪಿದರೆ ದಂಡ ಬಿದ್ದ ಹಾಗೆ, ಏಪ್ರಿಲ್‌ನಲ್ಲಿ ಮರೆತದ್ದನ್ನೇ ಮತ್ತೆ ಕಲಿಯಬೇಕು.

ಹಾಗಂತ ಕನ್ನಡಿಗರು ಹೆದರಬೇಕಿಲ್ಲ. ನಮಗೆ ಅರ್ಧ ದಾರಿ ಪರಿಚಯದ್ದೇ. ಅವರ ಅಕ್ಷರಮಾಲೆ ಅ, ಇ, ಉ, ಎ, ಒ. ಕ, ಕಿ, ಕು, ಕೆ, ಕೊ ಅಂತಲೇ ಹೋಗುತ್ತದೆ. ಬೌದ್ಧ ಭಿಕ್ಷುಗಳ ಮೂಲಕ ಹೋದ ನಮ್ಮ ವರ್ಣಮಾಲೆಯ ಕ್ರಮವದು. ಕ್ರಿಯಾಪದ ನಮ್ಮ ಹಾಗೆ ಕೊನೆಗೆ. ವಿಭಕ್ತಿಗಳೂ ನಮ್ಮಂತೆ ಪದದ ಹಿಂದೆ ಬರುತ್ತವೆ. "ತಬೆತೆ ಮಿರು" ಅಂದರೆ "ತಿಂದು ನೋಡು", ಮಿರು ಅಂದರೆ ನೋಡು! "ಕಾಇತೆ ಒಕು" ಅಂದರೆ "ಬರೆದಿಡು". ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ವಿವರಿಸುವುದು ನಮಗೆ ಒಂದೇ ಸಾಲಿನಲ್ಲಿ ಹೊಳೆಯುತ್ತದೆ. ಆದ್ದರಿಂದ ಇಂಗ್ಲಿಷಿನ ಮೂಲಕ ಯೋಚಿಸಬೇಡಿ, ಕನ್ನಡದಲ್ಲೇ ಯೋಚಿಸಿ ಎನ್ನುವುದು ನನ್ನ ಮೊದಲ ಸಲಹೆ.

ಕಷ್ಟ ಇರುವುದು ಕಾಂಜಿಯಲ್ಲಿ, ಅಂದರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳಲ್ಲಿ. ದಿನಬಳಕೆಯ ಪಟ್ಟಿಯಲ್ಲೇ 2,136 ಇವೆ. ಜಪಾನಿ ಮಕ್ಕಳೇ ಆರು ವರ್ಷದ ಪ್ರಾಥಮಿಕ ಶಾಲೆಯಲ್ಲಿ ಕಲಿಯುವುದು 1,026. ಒಂದೇ ಅಕ್ಷರಕ್ಕೆ ಮೂರು ನಾಲ್ಕು ಉಚ್ಚಾರಗಳು ಬೇರೆ. ಇಲ್ಲಿ ಕನ್ನಡವೂ ಕೈ ಹಿಡಿಯುವುದಿಲ್ಲ, ಬರೆದು ಬರೆದೇ ಕಲಿಯಬೇಕು.

ಈಗ ನನ್ನ ಕಥೆ. ಮೂರನೇ ವರ್ಷ ಜೆಎಲ್‌ಪಿಟಿ ಪರೀಕ್ಷೆಯ ಎನ್-4 ಪಾಸಾದೆ. ಎನ್-3 ಒಮ್ಮೆ ಡುಮ್ಕಿ, ಹೋದ ವರ್ಷ ಪಾಸು. ಪೇಢೆ ಹಂಚಿದೆ. ಅದಾಗಿ ಒಂದು ತಿಂಗಳಿಗೆ ಸಿಂಹಗಡ ರಸ್ತೆಯ ಪು.ಲ. ದೇಶಪಾಂಡೆ ಉದ್ಯಾನಕ್ಕೆ ಹೋಗಿದ್ದೆ. ಒಕಾಯಾಮಾದ ಕೊರಾಕುಎನ್ ತೋಟದ ಮಾದರಿಯಲ್ಲಿ ಮಾಡಿದ್ದಾರಲ್ಲ, ಅದೇ. ಅಲ್ಲೊಬ್ಬ ಜಪಾನಿ ಅಜ್ಜಿ ಮತ್ತು ಅವರ ಯಜಮಾನರು ಸಿಕ್ಕರು. ಧೈರ್ಯ ಮಾಡಿ "ಕೊನ್ನಿಚಿವಾ" ಅಂದೆ. ಅಜ್ಜಿ ಖುಷಿಯಿಂದ, ಎಷ್ಟು ದಿನದಿಂದ ಕಲಿಯುತ್ತಿದ್ದೀರಿ ಅಂತ ಕೇಳಿದರು. ಪೂರ್ತಿ ಅರ್ಥವಾಯಿತು. ಉತ್ತರಕ್ಕೆ ಬೇಕಾದ ಪದಗಳೂ ಗೊತ್ತು. ಆದರೆ ನಾಲಗೆ ಏಳಲಿಲ್ಲ! ತಲೆಯಲ್ಲಿ ವಾಕ್ಯ ಜೋಡಿಸಿ ಮುಗಿಸುವಷ್ಟರಲ್ಲಿ ಅವರು ತಲೆಬಾಗಿ ನಮಸ್ಕರಿಸಿ ಮುಂದೆ ಹೋಗಿದ್ದರು. ಆ ರಾತ್ರಿ ಊಟ ರುಚಿಸಲಿಲ್ಲ.

ಆಮೇಲೆ ಹೊಳೆಯಿತು. ಜೆಎಲ್‌ಪಿಟಿಯಲ್ಲಿ ಮಾತಿನ ಪರೀಕ್ಷೆಯೇ ಇಲ್ಲ. ಓದುವುದು, ಕೇಳುವುದು, ಗುರುತು ಹಾಕುವುದು ಅಷ್ಟೆ. ನಾನು ಏಳು ವರ್ಷ ಅದನ್ನೇ ಮಾಡಿದ್ದೆ. ಅದೇ ಮರಾಠಿ? ಮೂವತ್ತು ವರ್ಷದ ಹಿಂದೆ ಪುಣೆಗೆ ವರ್ಗವಾಗಿ ಬಂದಾಗ ಒಂದು ಅಕ್ಷರ ಮರಾಠಿ ಬರುತ್ತಿರಲಿಲ್ಲ. ಪುಸ್ತಕ ಮುಟ್ಟಲಿಲ್ಲ. ಕೌಂಟರ್ ಮುಂದೆ ಪೆನ್ಷನ್ ಅಜ್ಜಂದಿರು ಸಾಲಾಗಿ ನಿಂತು ಬೈದೇ ಕಲಿಸಿದರು. ಒಂದೇ ವರ್ಷದಲ್ಲಿ ಜಗಳ ಆಡುವಷ್ಟು ಬಂತು. ಇನ್ನು ನಮ್ಮ ಮಗಳು. ಅವಳಿಗೆ ಒಂದು ಸಾಲು ಕನ್ನಡ ಓದಲು ಬಾರದು. ಆದರೆ ಅಜ್ಜಿಯ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ಪಟಪಟ ಮಾತಾಡುತ್ತಾಳೆ. ನಾನು ಜಪಾನಿ ಓದಬಲ್ಲೆ, ಮಾತಾಡಲಾರೆ. ಇಬ್ಬರಲ್ಲಿ ಯಾರಿಗೆ ಭಾಷೆ ಬರುತ್ತದೆ ಹೇಳಿ?

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಸ್ವಂತ ಓದಿನಿಂದ ಅಕ್ಷರ ಬರುತ್ತದೆ, ವ್ಯಾಕರಣ ಬರುತ್ತದೆ, ಸರ್ಟಿಫಿಕೇಟೂ ಬರುತ್ತದೆ. ಮಾತು ಮಾತ್ರ ಎದುರಿಗೆ ಇನ್ನೊಬ್ಬರು ಇಲ್ಲದೆ ಬರುವುದಿಲ್ಲ. "ಎಷ್ಟು ತಿಂಗಳು" ಅಂತ ಕೇಳುವವರು "ವಾರಕ್ಕೆ ಎಷ್ಟು ಗಂಟೆ, ಯಾರ ಜೊತೆ" ಅಂತ ಕೇಳಬೇಕು.

ಹುಡುಗನಿಗೆ ಹೇಳಿದೆ: "ತಮ್ಮಾ, ನೌಕರಿ ಬಿಡಬ್ಯಾಡ. 2021ರ ಜನವರಿಯಲ್ಲಿ ಭಾರತ ಜಪಾನ್ ಒಪ್ಪಂದ ಆದ ಕುಶಲ ಕೆಲಸಗಾರರ ವೀಸಾಕ್ಕೆ ಎನ್-4 ಮಟ್ಟದ ಭಾಷೆ ಮತ್ತು ಕೆಲಸದ ಪರೀಕ್ಷೆ ಸಾಕು. ಹಳೆಯ ಪರೀಕ್ಷಾ ಪದ್ಧತಿಯಲ್ಲಿ ಆ ಮಟ್ಟಕ್ಕೆ ಸುಮಾರು 300 ಗಂಟೆ ಅಂತಿದ್ದರು. ಅಂದರೆ ದಿನಕ್ಕೊಂದು ಗಂಟೆ, ಒಂದು ವರ್ಷ. ಇದು ನೌಕರಿ ಮಾಡುತ್ತಲೇ ಆಗುವ ಮಾತು. ಪರೀಕ್ಷೆ ಪುಣೆಯಲ್ಲೇ ನಡೀತದ. ಮೊದಲ ದಿನದಿಂದಲೇ ಮಾತಾಡೋದಕ್ಕ ಒಬ್ಬ ಜೊತೆಗಾರನ್ನ ಹುಡುಕು. ಫರ್ಗ್ಯೂಸನ್ ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟ್ ಕಡೆ ಹೋಗಿ ನೋಡು, ಕಲಿಯುವವರು ಬೇಕಾದಷ್ಟು ಮಂದಿ ಸಿಗತಾರ. ಫ್ಲುಯೆಂಟ್ ಆಗೂದು ಆರು ವರ್ಷದ ಮಾತು. ಅಲ್ಲಿಗೆ ಹೋದ ಮ್ಯಾಲೂ ಕಲಿಯೂದು ಇದ್ದೇ ಇರತದ."

ಅವನ ಮುಖ ಸಪ್ಪಗಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಕಾಕಾ, ನಿಮಗೂ ಜೊತೆಗಾರ ಇಲ್ಲಲ್ರೀ?" ಅಂದ.

ಈಗ ಭಾನುವಾರ ಸಂಜೆ ಒಂದು ಗಂಟೆ ಇಬ್ಬರೂ ಕೂತು ತಪ್ಪು ತಪ್ಪಾಗಿ ಜಪಾನಿ ಮಾತಾಡುತ್ತೇವೆ. ನನ್ನಾಕೆ ಒಳಗಿನಿಂದ ನಗುತ್ತಿರುತ್ತಾಳೆ. ನಿಮ್ಮಲ್ಲೂ ಯಾರಾದರೂ ಹೀಗೆ ಮನೆಯಲ್ಲೇ ಕೂತು ಪರಭಾಷೆ ಕಲಿತವರಿದ್ದೀರಾ? ಎಷ್ಟು ವರ್ಷ ಹಿಡಿಯಿತು?