ಜಾಂಬೋಟಿಯ ರಕ್ತದಲ್ಲಿ ತೆಗೆಯುವಷ್ಟು ಕಬ್ಬಿಣ ಇದೆಯೇ?

“ಮೈಯಾಗ ಕಬ್ಬಿಣ ಜಾಸ್ತಿ ಆದ್ರ ಶುಗರ್ ಬರತೈತಿ. ರಕ್ತ ತಗಸ್ರಿ, ಶುಗರ್ ಇಳೀತೈತಿ, ಕಣ್ಣಿನ ಮಬ್ಬೂ ಹೋಗತೈತಿ.” ಬೆಳಗಾವಿ ಜಿಲ್ಲೆಯ ಜಾಂಬೋಟಿ, ಕಣಕುಂಬಿ ಕಡೆ ಈಗ ಈ ಮಾತು ಚಹದಂಗಡಿಯಲ್ಲೂ ಕೇಳುತ್ತದೆ, ಓದಿಕೊಂಡವರ ಮನೆಯಲ್ಲೂ ಕೇಳುತ್ತದೆ. ಹೇಳುವವರೆಲ್ಲ ಮೋಸಗಾರರಲ್ಲ. ಅವರ ಕೈಯಲ್ಲಿ ಒಂದಿಷ್ಟು ನಿಜ ಇದೆ. ಆ ನಿಜವನ್ನು ಎಲ್ಲಿಯವರೆಗೆ ಎಳೆಯಬಹುದು ಎಂಬುದಷ್ಟೇ ನನ್ನ ತಕರಾರು.

ಕಬ್ಬಿಣಕ್ಕೂ ಸಕ್ಕರೆ ಕಾಯಿಲೆಗೂ ನಂಟಿದೆ ಎಂಬುದು ಅವರ ಮೊದಲ ವಾದ. ಒಪ್ಪಿದೆ. ಚರ್ಮ ಕಂಚಿನ ಬಣ್ಣಕ್ಕೆ ತಿರುಗಿ, ಲಿವರ್ ಗಟ್ಟಿಯಾಗಿ, ಜೊತೆಗೆ ಮಧುಮೇಹವೂ ಬರುವ ಕಾಯಿಲೆಯನ್ನು ಫ್ರಾನ್ಸಿನ ವೈದ್ಯ ಟ್ರೂಸೋ 1865ರಲ್ಲೇ ವರ್ಣಿಸಿದ್ದ. ಹೀಮೋಕ್ರೊಮಟೋಸಿಸ್ ಎಂಬ ಆ ಕಾಯಿಲೆಗೆ ಇಂದಿಗೂ ಮುಖ್ಯ ಚಿಕಿತ್ಸೆ ರಕ್ತ ತೆಗೆಯುವುದೇ. ಆದರೆ ಅದಕ್ಕೆ ಕಾರಣವಾಗುವ, 1996ರಲ್ಲಿ ಪತ್ತೆಯಾದ ವಂಶವಾಹಿ ದೋಷ ಉತ್ತರ ಯೂರೋಪಿನ ಮೂಲದವರಲ್ಲಿ ಹೆಚ್ಚು, ನಮ್ಮಲ್ಲಿ ತೀರ ಅಪರೂಪ. ನಮ್ಮಲ್ಲಿ ಕಬ್ಬಿಣ ತುಂಬಿಕೊಳ್ಳುವುದು ಹೆಚ್ಚಾಗಿ ಥಲಸ್ಸೇಮಿಯಾ ಮಕ್ಕಳಿಗೆ. ಅವರು ಮೇಲಿಂದ ಮೇಲೆ ರಕ್ತ ಹಾಕಿಸಿಕೊಳ್ಳಬೇಕು. ಒಂದೊಂದು ಬಾಟಲಿಯ ಜೊತೆ 200–250 ಮಿಲಿಗ್ರಾಂ ಕಬ್ಬಿಣ ಒಳಗೆ ಹೋಗುತ್ತದೆ, ಅದನ್ನು ಹೊರಹಾಕುವ ದಾರಿ ದೇಹಕ್ಕೆ ಗೊತ್ತಿಲ್ಲ. ಅದು ಮೇದೋಜೀರಕ ಗ್ರಂಥಿಯಲ್ಲಿ ಕೂತು ಇನ್ಸುಲಿನ್ ಮಾಡುವ ಕೋಶಗಳನ್ನು ಕೊಲ್ಲುತ್ತದೆ. ಅಂಥ ಮಗುವಿಗೆ ಕಬ್ಬಿಣ ತೆಗೆಯುವ ಔಷಧ ಬೇಕೇ ಬೇಕು. ಐವತ್ತರ ಮೇಲೆ ಹೊಟ್ಟೆ ಬಂದು ಶುಗರ್ ಬಂದವರ ಕಥೆ ಬೇರೆ.

“ಫೆರಿಟಿನ್ ರಿಪೋರ್ಟ್ ನೋಡ್ರಿ, ಎಷ್ಟ ಏರೇತಿ!” ಇದು ಎರಡನೆಯದು. ಫೆರಿಟಿನ್ ಕಬ್ಬಿಣದ ಉಗ್ರಾಣ ಹೌದು. ಆದರೆ ಉರಿಯೂತ, ಸೋಂಕು, ಕೊಬ್ಬು ತುಂಬಿದ ಲಿವರ್, ಕುಡಿತ ಇವುಗಳಿಂದಲೂ ಅದು ಏರುತ್ತದೆ, ಮತ್ತು ಟೈಪ್ 2 ಮಧುಮೇಹಿಗಳಲ್ಲಿ ಕೊಬ್ಬಿನ ಲಿವರ್ ಮನೆಮಾತು. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎಂಬ ಇನ್ನೊಂದು ಪರೀಕ್ಷೆಯೂ ಶೇ. 45 ದಾಟಿದ್ದರೆ ಮಾತ್ರ ಮುಂದಿನ ವಿಚಾರ. ಅದನ್ನು ಮಾಡಿಸಿದ್ದೀರಾ ಎಂದು ಕೇಳಿದರೆ ಉತ್ತರ ಬರುವುದಿಲ್ಲ.

ಮೂರನೆಯ ವಾದವೇ ಅವರ ಬ್ರಹ್ಮಾಸ್ತ್ರ. ರಕ್ತ ತೆಗೆಸಿದ ಮೇಲೆ ಎಚ್‌ಬಿಎ1ಸಿ 8ರಿಂದ 7ಕ್ಕೆ ಬಂತು, ಇನ್ನೇನು ಸಾಕ್ಷಿ ಬೇಕು ಎನ್ನುತ್ತಾರೆ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅಷ್ಟು ದಿನವೂ ಅದು ರಕ್ತದ ಸಕ್ಕರೆಯಲ್ಲೇ ಓಡಾಡುವುದರಿಂದ ಅದರ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟುತ್ತ ಹೋಗುತ್ತದೆ. ಎಚ್‌ಬಿಎ1ಸಿ ಅಳೆಯುವುದು ಹೀಗೆ ಅಂಟಿದ ಸಕ್ಕರೆಯನ್ನು. ಈಗ ಒಂದು ಬಾಟಲಿ ರಕ್ತ ತೆಗೆಯಿರಿ. ಹಳೆಯ ಕಣಗಳು ಹೊರಗೆ ಹೋದವು, ಮೂಳೆಯ ಮಜ್ಜೆ ಎಳೆಯ ಕಣಗಳನ್ನು ಬಿಟ್ಟಿತು. ಎಳೆಯ ಕಣಕ್ಕೆ ಸಕ್ಕರೆ ಅಂಟಲು ಇನ್ನೂ ಸಮಯವೇ ಸಿಕ್ಕಿಲ್ಲ. ಅಂಕಿ ಇಳಿಯಿತು, ಸಕ್ಕರೆ ಇದ್ದಲ್ಲೇ ಇದೆ! ಬೆರಳಿಗೆ ಸೂಜಿ ಚುಚ್ಚಿ ಗ್ಲುಕೋಮೀಟರಿನಲ್ಲಿ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಇದರ ತದ್ವಿರುದ್ಧವೂ ಉಂಟು: ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದವರಲ್ಲಿ ಎಚ್‌ಬಿಎ1ಸಿ ಸುಳ್ಳೇ ಏರಿ ಕಾಣಬಹುದು, ಕಬ್ಬಿಣದ ಗುಳಿಗೆ ಕೊಟ್ಟರೆ ಇಳಿಯುತ್ತದೆ. ಅಂಕಿ ಇಳಿದದ್ದೇ ಸಾಕ್ಷಿಯಾದರೆ ಕಬ್ಬಿಣ ಕೊಡುವುದೂ ಶುಗರಿಗೆ ಮದ್ದು ಎಂದು ಇವರು ಸಾರಬೇಕಾಗುತ್ತದೆ.

ನ್ಯಾಯಕ್ಕಾಗಿ ಇನ್ನೊಂದು ಮಾತು ಸೇರಿಸುತ್ತೇನೆ. 2002ರಲ್ಲಿ ಸ್ಪೇನಿನ ಫರ್ನಾಂಡಿಸ್-ರಿಯಲ್ ತಂಡ ಫೆರಿಟಿನ್ ಹೆಚ್ಚಿದ್ದ ಮಧುಮೇಹಿಗಳ ಒಂದು ಸಣ್ಣ ಗುಂಪಿನಲ್ಲಿ ರಕ್ತ ತೆಗೆದು, ಎಚ್‌ಬಿಎ1ಸಿ ಮಾತ್ರವಲ್ಲ, ಇನ್ಸುಲಿನ್ ಸಂವೇದನೆಯೂ ಸುಧಾರಿಸಿದ್ದನ್ನು ತೋರಿಸಿತು. ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಕೊಬ್ಬಿನ ಲಿವರ್ ಇದ್ದ 74 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರಕ್ತ ತೆಗೆದದ್ದರಿಂದ ಲಿವರಿನ ಕೊಬ್ಬೂ ಕರಗಲಿಲ್ಲ, ಇನ್ಸುಲಿನ್ ಪ್ರತಿರೋಧವೂ ಇಳಿಯಲಿಲ್ಲ. ಮೊದಲನೆಯದನ್ನು ಬಾಯಿಪಾಠ ಹೇಳುವವರ ಬಾಯಲ್ಲಿ ಎರಡನೆಯದು ಬಂದದ್ದು ನಾನು ಕೇಳಿಲ್ಲ.

ಇನ್ನು ಕಣ್ಣು. ರೆಟಿನಾದಲ್ಲಿ ಕಬ್ಬಿಣ ಸೇರಿ ಅದನ್ನು ಸುಡುತ್ತದೆ, ಆದ್ದರಿಂದ ಮೈಯ ಕಬ್ಬಿಣ ತೆಗೆದರೆ ಕಣ್ಣು ಉಳಿಯುತ್ತದೆ ಎಂಬುದು ನಾಲ್ಕನೆಯ ವಾದ. ಮೊದಲರ್ಧ ಸರಿ. ಕಣ್ಣಿನೊಳಗೆ ರಕ್ತ ಸೋರಿದಾಗ ಹಿಮೋಗ್ಲೋಬಿನ್ ಒಡೆದು ಕಬ್ಬಿಣ ಉಳಿಯುತ್ತದೆ, ಅದು ವಿಷವೇ. ವರ್ಕ್‌ಶಾಪಿನಲ್ಲಿ ಕಬ್ಬಿಣದ ಚೂರು ಕಣ್ಣೊಳಗೆ ಸಿಡಿದು ಉಳಿದವರ ದೃಷ್ಟಿ ಹೋಗುವುದೂ ಇದರಿಂದಲೇ. ಆದರೆ ಮಧುಮೇಹಿಯ ಕಣ್ಣಲ್ಲಿ ಅದು ಸೋರಿದ ರಕ್ತನಾಳದ ತಪ್ಪು, ತೋಳಿನಲ್ಲಿ ಹರಿಯುವ ರಕ್ತದ್ದಲ್ಲ. ಮಧುಮೇಹದಲ್ಲಿ ರೆಟಿನಾದ ಸಣ್ಣ ನಾಳಗಳು ಮುಚ್ಚಿ ಅಲ್ಲಿ ಆಮ್ಲಜನಕಕ್ಕೆ ಬರ ಬರುತ್ತದೆ. ಆ ಬರಕ್ಕೆ ಹೊಸ, ದುರ್ಬಲ ನಾಳಗಳು ಹುಟ್ಟಿ ಒಡೆಯುತ್ತವೆ. ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್. ಅದನ್ನೇ ಕಡಿಮೆ ಮಾಡಿ ಕಣ್ಣಿಗೆ ಉಪಕಾರ ಮಾಡುತ್ತೇವೆ ಎಂಬುದು ಯಾವ ಲೆಕ್ಕ? ಅಮೆರಿಕದ ಇಟಿಡಿಆರ್‌ಎಸ್ ಎಂಬ ದೊಡ್ಡ ಅಧ್ಯಯನದಲ್ಲಿ ರಕ್ತಕಣದ ಪ್ರಮಾಣ ಕಡಿಮೆ ಇದ್ದವರಿಗೇ ಕಣ್ಣಿನ ಕಾಯಿಲೆ ಗಂಭೀರ ಹಂತಕ್ಕೆ ಹೋಗುವ ಅಪಾಯ ಹೆಚ್ಚಿತ್ತು. ಕಬ್ಬಿಣವನ್ನು ಹಿಡಿದು ಹೊರತರುವ ಡೆಫೆರಾಕ್ಸಮಿನ್ ಔಷಧವಂತೂ ತಾನೇ ರೆಟಿನಾವನ್ನು ಕೆಡಿಸಬಲ್ಲದು. ಅದನ್ನು ತೆಗೆದುಕೊಳ್ಳುವ ಥಲಸ್ಸೇಮಿಯಾ ರೋಗಿಗಳು ಕಣ್ಣು, ಕಿವಿ ಎರಡನ್ನೂ ಆಗಾಗ ಪರೀಕ್ಷಿಸಿಕೊಳ್ಳುವುದು ಅದಕ್ಕೇ.

“ರಕ್ತಮೋಕ್ಷಣ ನಮ್ಮ ಹಿರ್ಯಾರು ಮಾಡಿದ್ದ.” ಮಾಡಿದ್ದರು. ಯಾರಿಗೆ ಮಾಡಬಾರದು ಎಂದೂ ಬರೆದಿಟ್ಟರು. ಸುಶ್ರುತಸಂಹಿತೆಯ ಸೂತ್ರಸ್ಥಾನ ಕೃಶರನ್ನು, ಪಾಂಡುರೋಗಿಗಳನ್ನು, ಗರ್ಭಿಣಿಯರನ್ನು ಆ ಪಟ್ಟಿಯಲ್ಲಿ ಸೇರಿಸಿದೆ. ಪಾಂಡು ಅಂದರೆ ಬಿಳಿಚಿಕೊಂಡವರು, ನಾವು ಇಂದು ರಕ್ತಹೀನತೆ ಎನ್ನುವುದು.

ಅಲ್ಲಿಗೆ ನಮ್ಮ ತಾಲೂಕಿಗೇ ಬಂದಂತಾಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57, ಗಂಡಸರಲ್ಲಿ ಶೇ. 25 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಹೆಂಗಸರ ಪಾಲು ಹತ್ತಿರ ಹತ್ತಿರ ಅರ್ಧ. ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಗರ್ಭಿಣಿಯರಿಗೆ ನರದ ಮೂಲಕ ಕಬ್ಬಿಣ ಏರಿಸುವ ದೊಡ್ಡ ಪ್ರಯೋಗವನ್ನೇ ನಡೆಸಿದ್ದಾರೆ. ಒಂದೇ ಜಿಲ್ಲೆಯಲ್ಲಿ ಒಂದು ಕಡೆ ಕಬ್ಬಿಣ ಏರಿಸುತ್ತಾರೆ, ಇನ್ನೊಂದು ಕಡೆ ಇಳಿಸಲು ಹೇಳುತ್ತಾರೆ. ಗದ್ದೆ ನಾಟಿ ಮಾಡಿ, ಕಟ್ಟಿಗೆ ಹೊತ್ತು ಬರುವ ಹೆಂಗಸಿನ ಮೈಯಲ್ಲಿ ಸಂಗ್ರಹವೇ 300 ಮಿಲಿಗ್ರಾಂ ಇದ್ದರೆ ಹೆಚ್ಚು. ಒಂದು ಸಲ 350 ಮಿಲಿಲೀಟರ್ ರಕ್ತ ಹೋದರೆ ಅರ್ಧ ಖಾಲಿ.

ರೇಷನ್ ಅಕ್ಕಿಗೆ ಕಬ್ಬಿಣ ಬೆರೆಸುವುದನ್ನು ಬೆಂಗಳೂರಿನ ಸೇಂಟ್ ಜಾನ್ಸ್‌ನ ಡಾ. ಅನುರಾ ಕುರ್ಪಾಡ್ ಅವರಂಥ ಪೋಷಣತಜ್ಞರೇ ಪ್ರಶ್ನಿಸಿದ್ದಾರಲ್ಲ ಎನ್ನುತ್ತಾರೆ. ಪ್ರಶ್ನಿಸಿದ್ದಾರೆ, ಆ ಪ್ರಶ್ನೆಗೆ ತೂಕವಿದೆ. ಆದರೆ ಅವರ ಆಕ್ಷೇಪ ಪರೀಕ್ಷಿಸದೆ ಎಲ್ಲರಿಗೂ ಕಬ್ಬಿಣ ಕೊಡುವುದರ ಬಗ್ಗೆ. ಪರೀಕ್ಷಿಸದೆ ಎಲ್ಲರಿಂದ ತೆಗೆಯುವವರಿಗೆ ಅದು ಆಸರೆಯಾಗದು.

ರಕ್ತದಾನ ಮಾಡುವವರು ಮಾಡಲಿ, ಹಿಮೋಗ್ಲೋಬಿನ್ 12.5 ಗ್ರಾಂ ಇದ್ದು, ಇನ್ಸುಲಿನ್ ಮೇಲೆ ಇಲ್ಲದಿದ್ದರೆ. ಅದು ಇನ್ನೊಬ್ಬರ ಜೀವಕ್ಕೆ, ತಮ್ಮ ಶುಗರಿಗಲ್ಲ.

“ಡಾಕ್ಟರ್ ಮಂದಿ ಲೇಸರ್ ಮಾರ್ಲಿಕ್ಕೆ ಇದನ್ನ ಮುಚ್ಚಿಡತಾರ” ಎಂಬ ಕೊನೆಯ ಆರೋಪಕ್ಕೆ ಉತ್ತರ ಹಳೆಯದು. ಮಧುಮೇಹದ ಕಣ್ಣಿನ ಕಾಯಿಲೆಯ ಮೇಲೆ 1970ರ ದಶಕದಲ್ಲಿ ನಡೆದ ಪ್ರಯೋಗದಲ್ಲೇ ಲೇಸರ್ ಚಿಕಿತ್ಸೆ ತೀವ್ರ ದೃಷ್ಟಿನಾಶವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿತು. ಅದರ ಫಲ ಹೊತ್ತಿನ ಮೇಲೆ ನಿಂತಿದೆ, ಮತ್ತು ಮೊದಲ ಹಂತದಲ್ಲಿ ರೋಗಿಗೆ ಏನೂ ಗೊತ್ತಾಗುವುದಿಲ್ಲ. ಹನಿ ಹಾಕಿ ಪಾಪೆ ಹಿಗ್ಗಿಸಿ ನೋಡಿದರೆ ಮಾತ್ರ ಕಾಣುತ್ತದೆ. ಮಳೆಗಾಲದಲ್ಲಿ ಜಾಂಬೋಟಿಯಿಂದ ಬೆಳಗಾವಿಗೆ ಬಸ್ಸು ಹಿಡಿಯುವುದೇ ಒಂದು ಸಾಹಸ. ಆ ಒಂದು ದಿನವನ್ನು ರಕ್ತ ತೆಗೆಸಲು ಕಳೆದವರು ಕಣ್ಣು ತೋರಿಸಲು ಮತ್ತೊಮ್ಮೆ ಹೋಗುವುದು ಕಷ್ಟ.

ಎದುರಾಳಿಗಳನ್ನು ನಾನು ಕೇಳುವುದು ಇಷ್ಟೇ. ಮುಂದಿನ ಸಲ ಯಾರಿಗಾದರೂ ಈ ಚಿಕಿತ್ಸೆ ಹೇಳುವ ಮೊದಲು ಹಿಮೋಗ್ಲೋಬಿನ್, ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಮೂರೂ ಕಾಗದದ ಮೇಲೆ ಇರಲಿ. ರಕ್ತ ತೆಗೆಯುವ ಮುಂಚೆ ಒಮ್ಮೆ, ಆರು ತಿಂಗಳ ನಂತರ ಒಮ್ಮೆ ರೆಟಿನಾದ ಫೋಟೋ ತೆಗೆಸಲಿ. ಎಚ್‌ಬಿಎ1ಸಿ ಬದಲು ಗ್ಲುಕೋಮೀಟರಿನ ಬರಹ ತೋರಿಸಲಿ. ಅದು ಸುಧಾರಿಸಿದ್ದರೆ ಈ ಲೇಖನಕ್ಕೆ ತಿದ್ದುಪಡಿಯನ್ನು ನಾನೇ ಬರೆಯುತ್ತೇನೆ.