ಊಟದ ಪಂಕ್ತಿಗೂ ಇರಲಿ ಕಾಲಮಿತಿ



ದೀಪಾವಳಿ ಕಳೆದರೆ ಮೇ ತಿಂಗಳ ಪತ್ತನಾಜೆಯವರೆಗೆ ಪುತ್ತೂರು, ಸುಳ್ಯ, ಕಡಬದಲ್ಲಿ ನೇಮ, ಬ್ರಹ್ಮಕಲಶ, ಮದರಂಗಿ, ಬಯಲಾಟಗಳ ಸಾಲು. ಅಲ್ಲಿ ಊಟ ಬಡಿಸುವಾಗ ರಾತ್ರಿ ಹತ್ತಾಗುವುದೂ ಉಂಟು. ಏನು ಉಣ್ಣಬೇಕೆಂಬ ಚರ್ಚೆ ಬೇಕಾದಷ್ಟಿದೆ. ಯಾವಾಗ ಎಂಬುದನ್ನು ಕೇಳುವವರು ಕಡಿಮೆ.

ದೇಹದೊಳಗೂ ಒಂದು ಗಡಿಯಾರವಿದೆ. ಅದು ಕೆಲಸ ಮಾಡುವ ಬಗೆಯನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರ ನೊಬೆಲ್ ಸಂದಿತು. ರಾತ್ರಿ ಮೆಲಟೋನಿನ್ ಎಂಬ ಹಾರ್ಮೋನು ಏರಿದಂತೆ ಇನ್ಸುಲಿನ್ ಸ್ರಾವ ತಗ್ಗುತ್ತದೆ. ಹೀಗಾಗಿ ಅದೇ ಕುಚ್ಚಲಕ್ಕಿ ಅನ್ನ ಹಗಲಿಗಿಂತ ತಡರಾತ್ರಿ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ. ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನ ಅಂದಾಜಿಸಿದೆ. ತಡವಾಗಿ ಉಂಡು, ನಸುಕಿನಲ್ಲೇ ರಬ್ಬರ್ ಟ್ಯಾಪಿಂಗ್‌ಗೆ ಹೊರಡುವವರಿಗಂತೂ ನಿದ್ದೆಯೂ ಖೋತಾ.

ಅನ್ನಸಂತರ್ಪಣೆ ಸಂಜೆ 7.30ಕ್ಕೆ ಎಂದು ಸಮಿತಿಗಳು ಆಮಂತ್ರಣದಲ್ಲೇ ಮುದ್ರಿಸಿ, ಪಾಲಿಸಲಿ. ಮನೆಗಳಲ್ಲೂ ಮಲಗುವುದಕ್ಕೆ ಎರಡು-ಮೂರು ಗಂಟೆ ಮೊದಲೇ ಊಟ ಮುಗಿಯಲಿ. ಮಧುಮೇಹಕ್ಕೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳಿಯೇ ಹೊತ್ತು ಬದಲಿಸಬೇಕು. ಬೆಳಗಿನವರೆಗೆ ನಡೆಯುತ್ತಿದ್ದ ಯಕ್ಷಗಾನವೇ ಹಲವು ಮೇಳಗಳಲ್ಲಿ ಕಾಲಮಿತಿಗೆ ಒಗ್ಗಿಕೊಂಡಿರುವಾಗ ಊಟದ ಪಂಕ್ತಿಗೇನು ಕಷ್ಟ?

– ಓದುಗ, ಸುಳ್ಯ