ಪ್ರಕೃತಿಯೋ, ಸಂಗವೋ?

ನಿಪ್ಪಾಣಿ ಸೀಮೆಯಲ್ಲಿ ತಂಬಾಕು ಅನೇಕ ಕುಟುಂಬಗಳ ಅನ್ನ. ಅದೇ ಬಾಯಿಯ ಚಟವಾದಾಗ ಮನೆಯವರು ವೈದ್ಯರ ಮುಂದೆ ಹೇಳುವುದು ಒಂದೇ ಮಾತು: "ಅವರ ಸ್ವಭಾವನ ಹಂಗ ಐತ್ರಿ." ಇದನ್ನು ನಾನು ಒಪ್ಪಲಾರೆ. ಚರಕಸಂಹಿತೆಯಂತೆ ವಾತ, ಪಿತ್ತ, ಕಫ ಪ್ರಕೃತಿಗಳು ಗರ್ಭದಲ್ಲಿಯೇ ನಿಶ್ಚಯವಾಗುತ್ತವೆ, ನಿಜ. ಆದರೆ ಯಾವ ಪ್ರಕೃತಿಯವನೂ ಅಂಗೈಯಲ್ಲಿ ಸುಣ್ಣ-ತಂಬಾಕು ತಿಕ್ಕುತ್ತ ಹುಟ್ಟುವುದಿಲ್ಲ. ಅದನ್ನು ಕಲಿಸುವುದು ಊರ ಕಟ್ಟೆ, ಸಂತೆ, ಗೆಳೆಯರ ಕೂಟ.

ಅಮೆರಿಕದ ಮನೋವಿಜ್ಞಾನಿ ಸಾಲೊಮನ್ ಆಶ್ 1951ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಗೆರೆಗಳ ಉದ್ದ ಹೋಲಿಸುವ ಸುಲಭದ ಕೆಲಸ. ಜೊತೆಗಿದ್ದವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳಿದಾಗ, ಪರೀಕ್ಷೆಗೆ ಕುಳಿತ ನಾಲ್ವರಲ್ಲಿ ಸುಮಾರು ಮೂವರು ಒಮ್ಮೆಯಾದರೂ ಕಣ್ಣಾರೆ ಕಂಡದ್ದನ್ನು ಬಿಟ್ಟು ಗುಂಪಿನ ಮಾತನ್ನೇ ಹೇಳಿದರು. ಆದರೆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯುತ್ತರ ಕೊಟ್ಟರೂ ಆ ಒತ್ತಡ ಬಹುಪಾಲು ಕರಗುತ್ತಿತ್ತು. ಶರಣರು ಸಂಗದ ಮಹತ್ವವನ್ನು ಅಷ್ಟು ಒತ್ತಿ ಹೇಳಿದ್ದು ಸುಮ್ಮನೆ ಅಲ್ಲ.

ಬಾಯಿಯಲ್ಲಿ ಬಿಳಿ ಮಚ್ಚೆ ಕಂಡರೆ, ಬಾಯಿ ಪೂರ್ತಿ ತೆರೆಯದಿದ್ದರೆ ಕೂಡಲೇ ತಜ್ಞರಿಗೆ ತೋರಿಸಬೇಕು. ಅಲ್ಲಿ ಚೂರ್ಣ, ಕಷಾಯ ನಂಬಿ ಕಾಲ ಕಳೆಯುವುದು ಅಪಾಯ. ಚಟ ಬಿಡಲು ಬಂದವರಿಗೆ ಮಾತ್ರ ನನ್ನ ಮೊದಲ ಪ್ರಶ್ನೆ ಬೇರೆ: ನಿಮ್ಮ ಕಟ್ಟೆಯಲ್ಲಿ ತಂಬಾಕು ತಿನ್ನದವರು ಯಾರಿದ್ದಾರೆ? ನಾಳೆಯಿಂದ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.